ಚಿಕ್ಕಪ್ಪನ ಕಿವಿಗೆ ಐದಕ್ಕೆ ಐದು

ಮರ್ಯಾದೆಯಿಂದ ಯಾರಾದರೂ ಕೆಡುತ್ತಾರೆಯೇ? ಇಲ್ಲ ಎನ್ನುವವರು ನನ್ನ ಚಿಕ್ಕಪ್ಪನನ್ನು ನೋಡಿಲ್ಲ. ಅತಿಯಾದ ಮರ್ಯಾದೆ ಒಂದು ಕಾಯಿಲೆ, ಇಡೀ ಅರಸೀಕೆರೆ ತಾಲ್ಲೂಕಿನಲ್ಲಿ ಅದು ಅಂಟಿಕೊಂಡಿರುವುದು ಅವರೊಬ್ಬರಿಗೇ ಎಂದು ನಾನು ಆಣೆ ಮಾಡಿ ಹೇಳಬಲ್ಲೆ! ಆ ಕಾಯಿಲೆಯ ದೆಸೆಯಿಂದಲೇ ಈ ಮಹಾನುಭಾವರು, ಚೆನ್ನಾಗಿ ವಾಸಿಯಾಗಿದ್ದ ಕಿವಿಯನ್ನು ಮತ್ತೊಮ್ಮೆ ಕೊಯ್ಸಿಕೊಳ್ಳಲು ಹೊರಟಿದ್ದರು!

ಹೆಸರು ಹೇಳುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುವವರೂ ಅಲ್ಲ, ಅದೇ ಕಷ್ಟ. "ಇಷ್ಟುದ್ದ ಬರ್ದಿದ್ದೀಯಲ್ಲವ್ವ, ಕೈ ನೋಯ್ತೇನೋ" ಎಂದು ನನ್ನನ್ನೇ ವಿಚಾರಿಸಿಕೊಳ್ಳುತ್ತಾರೆ. ಒಮ್ಮೆ ಹಳೇಬೀಡಿನಿಂದ, ಅಂದರೆ ಚಿಕ್ಕಮ್ಮನ ತವರಿನಿಂದ, ಅರಸೀಕೆರೆಗೆ ಹೊರಟವರು ಬೇಲೂರಿನ ಬಸ್ಸು ಹತ್ತಿದರು. ಊರು ದಾಟುವ ಮೊದಲೇ ತಪ್ಪು ಗೊತ್ತಾಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಇಳಿಯುತ್ತಿದ್ದಿರಿ. ಚಿಕ್ಕಪ್ಪ ಇಳಿಯಲಿಲ್ಲ!

"ಕಂಡಕ್ಟ್ರು ಆಗ್ಲೇ ಟಿಕೆಟ್ ಹರ್ದಿದ್ದ ಕಣವ್ವ. ಇಳ್ದ್ರೆ ಪಾಪ ಏನಂದ್ಕೊಂಡಾನು?" ಎನ್ನುತ್ತ ಬೇಲೂರಿನ ನಮ್ಮ ಮನೆ ಬಾಗಿಲಲ್ಲಿ ನಿಂತರು. ಬಂದವರಿಗೆ ಉಪ್ಪಿಟ್ಟು ಮಾಡಿದೆ. ಗಡಿಬಿಡಿಯಲ್ಲಿ ಉಪ್ಪು ಎರಡು ಸಲ ಬಿದ್ದುಬಿಟ್ಟಿತ್ತು. "ಭಾಳ ಚೆನ್ನಾಗೈತೆ" ಎಂದರು, ಮತ್ತೆ ಬಡಿಸಿದೆ. ಮತ್ತೂ ಚೆನ್ನಾಗೈತೆ ಎಂದರು, ಇನ್ನೊಂದು ಸೌಟು ಹಾಕಿದೆ. ಆಮೇಲೆ ನಾನು ಬಾಯಿಗಿಟ್ಟೆ. ಅಯ್ಯೋ ಶಿವನೇ! ಅಷ್ಟರಲ್ಲಿ ಅವರು ಸದ್ದಿಲ್ಲದೆ ಎರಡು ತಂಬಿಗೆ ನೀರು ಮುಗಿಸಿದ್ದರು.

ಇಂಥ ಮನುಷ್ಯನಿಗೆ ಹುಡುಗನಾಗಿದ್ದಾಗಿನಿಂದ ಎರಡೂ ಕಿವಿ ಸೋರುತ್ತಿದ್ದವು. ಹತ್ತಿ ಇಟ್ಟುಕೊಳ್ಳದ ದಿನವಿಲ್ಲ. ಯಾರು ಯಾವ ಔಷಧಿ ಹೇಳಿದರೂ ಇಲ್ಲ ಎನ್ನುವ ಪೈಕಿಯಲ್ಲವಲ್ಲ! ಒಬ್ಬರು ಬೆಳ್ಳುಳ್ಳಿ ಎಣ್ಣೆ ಕೊಟ್ಟ ದಿನವೇ ಇನ್ನೊಬ್ಬರು ಯಾವುದೋ ಸೊಪ್ಪಿನ ರಸ ತಂದುಕೊಟ್ಟರೆ, ಎಡಗಿವಿಗೆ ಇವರದು, ಬಲಗಿವಿಗೆ ಅವರದು. ಯಾರಿಗೂ ಬೇಜಾರಾಗಬಾರದಲ್ಲ! ಕಿವಿಗಳೆರಡೂ ಇನ್ನಷ್ಟು ಸೋರುತ್ತಿದ್ದವು, ಔಷಧಿ ಕೊಟ್ಟವರಿಬ್ಬರೂ ಖುಷಿಯಾಗಿರುತ್ತಿದ್ದರು.

ಕೇಳಿಸದಿದ್ದರೆ "ಏನಂದ್ರಿ?" ಎಂದು ಕೇಳಬೇಕೋ ಬೇಡವೋ? ಕೇಳರು! ಎರಡು ಸಲ ಹೇಳುವುದು ಎದುರಿನವರಿಗೆ ತೊಂದರೆಯಂತೆ. ಎಲ್ಲದಕ್ಕೂ "ಹೌದೌದು, ಆಗ್ಲಿ." ಒಂದು ಸಲ ಗೆಂಡೆಹಳ್ಳಿ ಕಡೆಯ ಹೆಡ್‌ಮೇಷ್ಟ್ರೊಬ್ಬರು ಮನೆಗೆ ಬಂದು ಏನೋ ಕೇಳಿದರು, ಇವರು "ಆಗ್ಲಿ" ಅಂದರು. ವಾರ ಕಳೆದ ಮೇಲೆ ಶಾಲೆಯ ವಾರ್ಷಿಕೋತ್ಸವದ ಕಾರ್ಡು ಬಂತು. ಪ್ರಾರ್ಥನೆ ಹಾಡುವವರ ಜಾಗದಲ್ಲಿ ಚಿಕ್ಕಪ್ಪನ ಹೆಸರು! ಅಚ್ಚು ಹಾಕಿಸಿದ ಕಾರ್ಡಿಗೆ ಅವಮಾನವಾದೀತೆಂದು ಹೋಗಿ ಹಾಡಿಯೂ ಬಂದರು. ಅಲ್ಲಿನ ಮಕ್ಕಳು ಈಗಲೂ ಅದನ್ನು ನೆನೆಸಿಕೊಂಡು ನಗುತ್ತಾರಂತೆ.

ಹೋದ ವರ್ಷ ನಾನೇ ಎಳೆದುಕೊಂಡು ಹಾಸನದ ಕಿವಿ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎರಡೂ ಕಿವಿಯ ತಮಟೆ ತೂತಾಗಿದೆ, ಮೊದಲು ಎಡಗಿವಿಗೆ ಆಪರೇಷನ್, ಅದು ಚೆನ್ನಾಗಿ ಆದರೆ ಆಮೇಲೆ ಬಲಗಿವಿಗೆ ಎಂದರು. ಹೊರಗೆ ನರ್ಸು ಒಂದು ಫಾರಂ ಕೊಟ್ಟರು. ಕಿವಿ ಸೋರುತ್ತದೆಯೇ, ವಾಸನೆ ಬರುತ್ತದೆಯೇ, ಜನರ ಜೊತೆ ಸೇರಲು ಹಿಂಜರಿಕೆಯೇ, ಹೀಗೆ ಪ್ರಶ್ನೆಗಳು. ತೊಂದರೆಯೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಐದು. ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ ಇದೇ ಫಾರಂ ಇನ್ನೊಮ್ಮೆ ತುಂಬಬೇಕು, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಬದುಕು ಎಷ್ಟು ಹಗುರಾಯಿತೆಂದು ತಿಳಿಯುತ್ತದೆ. ಅಷ್ಟರಲ್ಲಿ ನನ್ನ ಸ್ಕೂಲಿನಿಂದ ಫೋನು ಬಂತು. ಮಾತಾಡಿ ಬರುವಷ್ಟರಲ್ಲಿ ಚಿಕ್ಕಪ್ಪ ಫಾರಂ ತುಂಬಿ ಕೊಟ್ಟಾಗಿತ್ತು. ನಾನು ಅದನ್ನು ನೋಡಲಿಲ್ಲ, ನನ್ನ ತಪ್ಪು ಅಷ್ಟೇ.

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳುಗಳು ಕಳೆದವು, ಎಡಗಿವಿ ಒಣಗಿತು. ಒಂದು ಬೆಳಿಗ್ಗೆ ಫೋನಿನಲ್ಲಿ ಕೂಗಾಟ! "ಅಟ್ಟದ್ಮೇಲೆ ಕಾಯಿ ಅಲ್ಲಾಡಿಸ್ದೆ ಕಣವ್ವ! ಒಳಗೆ ಕೊಬ್ಬರಿ ಗಡಗಡ ಅಂತು! ಕೇಳಿಸ್ತು!" ಅಷ್ಟಕ್ಕೇ ಬಿಡಲಿಲ್ಲ, ಆ ಕಾಯಿಯನ್ನು ಫೋನಿನ ಹತ್ತಿರ ಹಿಡಿದು ನನಗೂ ಅಲ್ಲಾಡಿಸಿ ಕೇಳಿಸಿದರು. ನಾನು ಸ್ಟಾಫ್ ರೂಮಿನಲ್ಲೇ ಕುಣಿದಾಡಿದೆ. ಎರಡನೇ ಫಾರಮ್ಮನ್ನೂ ಆ ವಾರವೇ ಒಬ್ಬರೇ ಹೋಗಿ ತುಂಬಿ ಬಂದರು. ಬಲಗಿವಿಯ ಆಪರೇಷನ್ನಿಗೆ ದಿನಾಂಕವೂ ಗೊತ್ತಾಯಿತು.

ಆಮೇಲೆ ಬಂತು ನೋಡಿ ಡಾಕ್ಟರಮ್ಮನ ಫೋನು. "ನಿಮ್ಮ ಚಿಕ್ಕಪ್ಪನಿಗೆ ತುಂಬ ಕಷ್ಟ ಆಗ್ತಿದೆ ಅನ್ಸುತ್ತೆ. ಬಲಗಿವಿ ಸದ್ಯಕ್ಕೆ ಬೇಡ. ಎಡಗಿವೀನೇ ಮತ್ತೆ ಬಿಚ್ಚಿ ನೋಡ್ಬೇಕಾಗಬಹುದು, ಕರ್ಕೊಂಡು ಬನ್ನಿ."

ಚಿಕ್ಕಪ್ಪನಿಗೆ ಫೋನು ಮಾಡಿದರೆ, "ನಂಗೇನೂ ತೊಂದ್ರೆ ಇಲ್ಲ ಕಣವ್ವ. ಆದ್ರೆ ಅಷ್ಟು ಓದಿರೋರು ಬಿಚ್ತೀನಿ ಅಂತವ್ರೆ, ಬ್ಯಾಡ ಅನ್ನಕಾಯ್ತದಾ? ಬಿಚ್ಲಿ ಬಿಡು" ಎಂದರು! ಬ್ಯಾಗಿಗೆ ಟವೆಲ್ಲು, ತಟ್ಟೆ, ಲೋಟ ತುಂಬಿಯೂ ಆಗಿತ್ತು!

ಡಾಕ್ಟರಮ್ಮನ ಮೇಜಿನ ಮೇಲೆ ಎರಡೂ ಫಾರಂ ಪಕ್ಕ ಪಕ್ಕ ಇದ್ದವು. ಆಪರೇಷನ್ನಿಗೆ ಮೊದಲಿನದರಲ್ಲಿ ಸಾಲಾಗಿ ಸೊನ್ನೆ. ಆಮೇಲಿನದರಲ್ಲಿ ಸಾಲಾಗಿ ಐದು! ಆ ಕಾಗದದ ಪ್ರಕಾರ, ಕಲ್ಲುಗುಂಡಿನ ಹಾಗಿದ್ದ ಮನುಷ್ಯನನ್ನು ಡಾಕ್ಟರಮ್ಮ ಕೊಯ್ದು ಹಾಳು ಮಾಡಿದ್ದರು. ಪಾಪ, ಅವರ ಮುಖ ಬಾಡಿಹೋಗಿತ್ತು. "ಕಿವಿ ನೋಡಿದ್ರೆ ಚೆನ್ನಾಗಿದೆ. ಇದನ್ನ ನೋಡಿದ್ರೆ ಭಯ ಆಗುತ್ತೆ" ಎಂದರು.

"ಏನ್ ಚಿಕ್ಕಪ್ಪ ಇದು?"

"ಮೊದಲ್ನೇ ಸಲ ಗುರ್ತಿಲ್ಲ, ಪರಿಚಯ ಇಲ್ಲ. ನಮ್ಮ ಕಿವಿ ನಾರ್ತದೆ ಅಂತ ಹೇಳ್ಕೊಳಾದಾ? ಎಲ್ಲ ಚೆನ್ನಾಗೈತೆ ಅಂತ ಬರ್ದೆ."

"ಎರಡನೇ ಸಲ?"

"ಅಷ್ಟು ಕಷ್ಟಪಟ್ಟು ಕಿವಿ ಮಾಡ್ಕೊಟ್ಟವ್ರೆ. ಆ ತಾಯಿಗೆ ಸೊನ್ನೆ ಕೊಡಾದಾ? ನೀನು ಟೀಚರ್ರು, ನೀನೇ ಹೇಳು! ಎಲ್ಲಕ್ಕೂ ಐದಕ್ಕೆ ಐದು ಕೊಟ್ಟೆ!"

ಡಾಕ್ಟರಮ್ಮ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು ಹೊಸ ಫಾರಂ ತೆಗೆದರು. ಎಡಗಿವಿ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಜೊತೆ ಬಂದಿದ್ದ ಚಿಕ್ಕಮ್ಮ ಈಗ ಗಂಡನ ಬಲಗಡೆಗೆ, ಇನ್ನೂ ಕೇಳಿಸದ ಕಿವಿಯ ಪಕ್ಕಕ್ಕೆ, ಕುರ್ಚಿ ಎಳೆದುಕೊಂಡು ಕೂತರು.

"ಆಪರೇಷನ್ನಿಗೆ ಮೊದಲು ವಾಸನೆ?" ಎಂದರು ಡಾಕ್ಟರಮ್ಮ.

"ಒಂದು ಹಾಕ್ಲಾ?" ಎಂದರು ಚಿಕ್ಕಪ್ಪ.

"ಐದು ಹಾಕ್ರೀ!" ಎಂದರು ಚಿಕ್ಕಮ್ಮ.

"ಜನರ ಜೊತೆ ಸೇರಲು ಹಿಂಜರಿಕೆ?"

ಚಿಕ್ಕಪ್ಪ ಬಲಗಿವಿಯ ಹತ್ತಿ ಸರಿಮಾಡಿಕೊಂಡರು. ಚಿಕ್ಕಮ್ಮನೇ ಹೇಳಿದರು. "ಮಗಳ ಮದ್ವೇಲಿ ಧಾರೆ ಎರ್ದೋರೇ ಅಡಿಗೆಯೋರ ಹತ್ರ ಹೋಗಿ ಕೂತ್ಬಿಟ್ರು ಡಾಕ್ಟ್ರೇ. ನೆಂಟ್ರಿಗೆ ವಾಸ್ನೆ ಬಡ್ದೀತು ಅಂತ. ಆಮೇಲಿನ ಒಂದು ಫೋಟೋದಾಗೂ ಇವ್ರಿಲ್ಲ."

ಆ ಮದುವೆಯಲ್ಲಿ ನಾನೂ ಇದ್ದೆ. ಅಡಿಗೆಯವರಿಗೂ ಉಪಚಾರ ಮಾಡಲು ಹೋಗಿದ್ದಾರೆ ನೋಡಿ ಎಂದು ಎಲ್ಲರಿಗೂ ಹೇಳಿ ನಗಿಸಿದವಳು ನಾನೇ. ನನಗೆ ತಲೆಯೆತ್ತಲು ನಾಚಿಕೆಯಾಯಿತು.

"ಈಗ ಮನೇಲಿ ಏನು ವ್ಯತ್ಯಾಸ ಆಗಿದೆ?" ಎಂದು ಡಾಕ್ಟರಮ್ಮ ಮೆತ್ತಗೆ ಕೇಳಿದರು.

ಚಿಕ್ಕಪ್ಪನ ಮುಖ ಅರಳಿತು. "ಇವಳು ಬೈಯಾದು ಕೇಳಿಸ್ತದೆ ತಾಯಿ!"

"ನೋಡಿ ಮತ್ತೆ!" ಚಿಕ್ಕಮ್ಮ ಕೆಂಪಾದರು. "ನನ್ನ ಅಡಿಗೆಮನೇಲಿ ನಾನು ಗೊಣಗಂಗಿಲ್ಲ ಈಗ, ಬಂದು ಬಾಗ್ಲಲ್ಲಿ ನಿಂತಿರ್ತಾರೆ. ನಂಗೂ ಒಂದು ಫಾರಂ ಕೊಡಿ, ನನ್ನ ಕಷ್ಟನೂ ಬರೀತೀನಿ!"

ಎಲ್ಲರೂ ನಕ್ಕೆವು. ಚಿಕ್ಕಪ್ಪ ನಗಲಿಲ್ಲ.

"ಇಷ್ಟು ವರ್ಷ ತುಟಿ ಅಲ್ಲಾಡಾದು ಕಾಣ್ತಿತ್ತು, ಬೈತಾವ್ಳೆ ಅಂದ್ಕೊಂಡಿದ್ದೆ. ಯಾಕೆ ಅಂತ ಕೇಳಿದ್ರೆ ಬೇಜಾರಾದಾಳು ಅಂತ ಸುಮ್ಕಿದ್ದೆ. ಮೊನ್ನೆ ನಿಂತು ಕೇಳ್ದೆ. 'ಬಿಸ್ಲಲ್ಲಿ ಹೋಗವ್ರೆ, ಉಂಡ್ರೋ ಇಲ್ವೋ, ಕಿವಿ ನೋಯ್ತದೋ ಏನೋ, ಬಾಯ್ಬಿಟ್ಟು ಹೇಳಕಿಲ್ಲ ಈ ಮನುಷ್ಯ.' ಬರೀ ಇದೇಯಾ, ದಿನಾ." ಹೆಂಡತಿಯ ಕಡೆ ತಿರುಗಿದರು. "ಮೂವತ್ತು ವರ್ಷದಿಂದ ಇದನ್ನೇ ಅಂತಿದ್ಯೇನೇ?"

ಚಿಕ್ಕಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆ ನೋಡಿದರು. "ಇನ್ಮೇಲೆ ಮನ್ಸಲ್ಲೇ ಅಂದ್ಕೊಂತೀನಿ ಬಿಡ್ರೀ" ಎಂದರು.

"ಬ್ಯಾಡ ಕಣೇ, ಜೋರಾಗೇ ಅನ್ನು." ಹಾಗೆಂದವರು, ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳದ ನನ್ನ ಚಿಕ್ಕಪ್ಪ, ಡಾಕ್ಟರಮ್ಮನ ಮುಂದೆ ಎದ್ದು ನಿಂತು ಕೈಮುಗಿದು ಕೇಳಿದರು. "ಬಲಗಿವೀನೂ ಬೇಗ ಮಾಡ್ಕೊಡಿ ತಾಯಿ. ಒಂದು ಕಿವೀಲಿ ಕೇಳಿ ಸಾಲಕಿಲ್ಲ."

ಡಾಕ್ಟರಮ್ಮ ಅಲ್ಲೇ ದಿನ ಬರೆದುಕೊಟ್ಟರು. ಚಿಕ್ಕಮ್ಮ ಎದ್ದು, ಗಂಡನ ಎಡಗಡೆಯ ಕುರ್ಚಿಗೆ ಬಂದು ಕೂತರು.