ತುರ್ತು ಸಹಾಯವಾಣಿಯ ಜೊತೆ ಒಂದು ಕುಶಲೋಪರಿ

ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ನೆಟ್ಟಗೆ ಹೇಳುವ ಅಭ್ಯಾಸ ನಮ್ಮ ಹೊಸದುರ್ಗದ ಕಡೆ ಇಲ್ಲ. ದೊಡ್ಡಪ್ಪ ತೀರಿಕೊಂಡ ದಿನ ನನಗೆ ಬಂದ ಫೋನಿನಲ್ಲಿ ಮೊದಲು ಮಳೆಯ ವಿಚಾರ ಬಂತು, ಆಮೇಲೆ ತಿಂಡಿಯ ವಿಚಾರ. ಕೊನೆಗೆ, ಏನಿಲ್ಲ, ದೊಡ್ಡಪ್ಪನಿಗೆ ಒಂಚೂರು ಹುಷಾರಿಲ್ಲ, ಉಂಡುಕೊಂಡು ನಿಧಾನಕ್ಕೆ ಬಾ ಅಂದರು. ಕೇಳಿದವನಿಗೆ ಅರ್ಥವಾಗುತ್ತದೆ, ಹೇಳಿದವನಿಗೂ ಕಷ್ಟವಿಲ್ಲ. ಇದು ಬಹಳ ದೊಡ್ಡ ನಾಗರಿಕತೆ ಎಂದೇ ನಂಬಿದ್ದೆ, ಹಿಮಾಲಯದ ಒಂದು ಕಣಿವೆಯಲ್ಲಿ ಕಾಲು ಮುರಿದುಕೊಂಡು ಕೂರುವವರೆಗೆ.

ನಾನು ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ವಿಮೆ ಮಾಡಿಸುವವನು. ಹುಟ್ಟಾ ಪುಕ್ಕಲ. ಬೈಕಿನಲ್ಲಿ ಹತ್ತಿರದ ತಾಳ್ಯಕ್ಕೆ ಹೋಗಿಬರಲೂ ಎರಡು ಸಲ ಯೋಚಿಸುತ್ತೇನೆ. ಈ ಕಸುಬಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಬೇಕಿಲ್ಲ. ಹೆಂಡತಿ ಶಾಂತಾ ಹಿಮ ನೋಡಲೇಬೇಕೆಂದು ಹಟ ಹಿಡಿದಾಗ ನಮ್ಮಿಬ್ಬರಿಗೂ, ಜೊತೆಗೆ ಹೊರಟ ಅವಳ ತಮ್ಮ ಕರಿಯಪ್ಪನಿಗೂ ಪ್ರವಾಸ ವಿಮೆ ಮಾಡಿಸಿದೆ. ಕರಿಯಪ್ಪ ಮಾಡದಕೆರೆಯಲ್ಲಿ ಕುರಿ ಸಾಕುವವನು. ರೈಲಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಸಹಾಯವಾಣಿಯ ಮಹಿಮೆ ಕೊರೆದೆ. ಎಂಥ ಗುಡ್ಡದಲ್ಲಿ ಬಿದ್ದರೂ ಒಂದು ಫೋನು ಸಾಕು, ಕನ್ನಡದಲ್ಲೇ ಮಾತಾಡುತ್ತಾರೆ, ಸ್ಟ್ರೆಚರ್ ಬರುತ್ತದೆ, ಬೇಕಾದರೆ ಹೆಲಿಕಾಪ್ಟರೂ ಬರುತ್ತದೆ ಅಂದೆ. ಅವನು ಕಡಲೆಕಾಯಿ ಸುಲಿಯುತ್ತಾ ತಲೆಯಾಡಿಸಿದ.

ಬಿದ್ದದ್ದು ಮೂರನೆಯ ದಿನ, ಫೋಟೋಗೆ ನಿಲ್ಲುವಾಗ. ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅಂದಳು ಶಾಂತಾ, ಹೋದೆ. ಕಾಲು ಊದಿ ಬೂಟಿನೊಳಗೆ ಹಿಡಿಸದಂತಾಯಿತು. ಮೋಡ ಕವಿಯುತ್ತಿತ್ತು. ಮಧ್ಯಾಹ್ನ ಹಿಮ ಬೀಳುತ್ತದೆ, ಅಷ್ಟರೊಳಗೆ ಇಳಿದುಬಿಡಿ ಎಂದು ಹೋಟೆಲಿನವರು ಮೊದಲೇ ಎಚ್ಚರಿಸಿದ್ದರು. ನನಗೆ ನಿಜವಾಗಿಯೂ ಭಯವಾಯಿತು. ಸಿಗ್ನಲ್ ಇದ್ದದ್ದು ಮೇಲಿನ ಬಂಡೆಯ ಮೇಲೆ ಮಾತ್ರ. ಕರಿಯಪ್ಪ ನನ್ನ ಫೋನು ಹಿಡಿದು ಅಲ್ಲಿಗೆ ಹತ್ತಿದ. ಅವನ ಮಾತು ಕೆಳಗೆ ಚೆನ್ನಾಗಿ ಕೇಳುತ್ತಿತ್ತು.

"ನಮಸ್ಕಾರ್ರಿ. ಏನಿಲ್ಲ, ಎಲ್ಲ ಆರಾಮಿದೀವಿ. ನಿಮ್ದು ಊಟ ಆತಾ? ಗಾಬರಿ ಆಗಬ್ಯಾಡ್ರಿ, ನಮ್ ಭಾವಂಗೆ ಕಾಲು ಒಂಚೂರು ಉಳುಕಿದಂಗೈತೆ. ಅರ್ಜೆಂಟೇನಿಲ್ಲ, ಬಿಡುವಾದಾಗ ಬರ್ರಿ."

ಮುರಿದಿದೆ ಅಂತ ಹೇಳೋ ಎಂದು ಕೆಳಗಿನಿಂದ ಅರಚಿದೆ. ಅವನು ಫೋನಿಗೆ ಅಂಗೈ ಮುಚ್ಚಿ, ಸುಮ್ನಿರ್ರಿ ಭಾವ, ಪಾಪ ಆ ಹೆಣ್ಣುಮಗು ಹೆದರಿಕೊಂಡೀತು ಅಂದ. ಆ ಮಗು ಹೆದರದೆ, ತುರ್ತು ಏನೂ ಇಲ್ಲವೆಂದು ಬರೆದುಕೊಂಡು, ಶುಭ ಪ್ರಯಾಣ ಹಾರೈಸಿ ಫೋನಿಟ್ಟಿತಂತೆ. ಮತ್ತೆ ಮಾಡೋಣವೆಂದರೆ ಸಿಗ್ನಲ್ಲೂ ಹೋಗಿತ್ತು.

ಕರಿಯಪ್ಪ ಆಕಾಶ ನೋಡಿದ. ನನ್ನ ಕಡೆ ನೋಡಿದ. ಹೆಲಿಕಾಪ್ಟರಿನ ಮಾತೆತ್ತದೆ, ಕುಂಟು ಬಿದ್ದ ಕುರಿಯನ್ನು ಹೊರುವ ಹಾಗೆ ನನ್ನನ್ನು ಎರಡೂ ಹೆಗಲ ಮೇಲೆ ಅಡ್ಡ ಹಾಕಿಕೊಂಡು ಇಳಿಯತೊಡಗಿದ. ದಾರಿಯಲ್ಲಿ ಅಲ್ಲಿಯ ಕುರುಬರ ಮಂದೆ ಎದುರಾಯಿತು. ಇವನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಆದರೂ ನನ್ನನ್ನು ಹೊತ್ತುಕೊಂಡೇ ಒಂದು ಟಗರಿನ ಬಾಯಿ ತೆಗೆಸಿ, ಹಲ್ಲು ನೋಡಿ, ಬೆರಳೆಣಿಸಿ ವಯಸ್ಸು ಹೇಳಿದ. ಅವರು ಹೌದೆಂದು ನಕ್ಕು, ನನ್ನನ್ನು ತೋರಿಸಿ, ಇದಕ್ಕೆಷ್ಟು ವಯಸ್ಸು ಎಂಬಂತೆ ಬೆರಳೆಣಿಸಿ ಏನೋ ಕೇಳಿದರು. ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಲೆಕೆಳಗಾಗಿ ನೇತಾಡುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ. ಅಂಥ ಸುಖವಾದ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ. ಮೊದಲ ಹಿಮ ಬೀಳುವಾಗ ನಾವು ಹಳ್ಳಿಯಲ್ಲಿ ಚಹಾ ಕುಡಿಯುತ್ತಿದ್ದೆವು.

ಊರಿಗೆ ಬಂದವನೇ ಸಹಾಯ ಸಿಗಲಿಲ್ಲವೆಂದು ಕಂಪನಿಗೆ ನಾಲ್ಕು ಪುಟದ ದೂರು ಬರೆದೆ. ಫೋನಿನಲ್ಲಿ ಮಾತಾಡಲು ಬಾರದ ಭಾಮೈದನನ್ನು ಕಟ್ಟಿಕೊಂಡು ಏಗುವುದು ಹೇಗೆಂದು ದಿನವೂ ಶಾಂತಾಳಿಗೆ ಕೇಳಿಸುವಂತೆ ಗೊಣಗಿದೆ. ಕಂಪನಿಯವರು ವಿಚಾರಿಸಲು ಫೋನು ಮಾಡುತ್ತಾರೆಂದು ಗೊತ್ತಿತ್ತು. ಹೇಳಬೇಕಾದ್ದನ್ನೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿಟ್ಟುಕೊಂಡೆ.

ಫೋನು ಬಂತು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ಎತ್ತಿದೆ. ಆ ಕಡೆಯ ಹುಡುಗಿ ಬಹಳ ಮೃದುವಾಗಿ, ಹೇಗಿದ್ದೀರಿ ಸರ್, ತುಂಬಾ ತೊಂದರೆ ಆಯಿತಾ ಎಂದು ಕೇಳಿದಳು.

"ಏನಿಲ್ಲಮ್ಮ, ಆರಾಮಿದೀವಿ," ಅಂದೆ. "ನಿಮ್ದು ಊಟ ಆತಾ?"