ಮೊಮ್ಮಗಳಿಗೊಂದು ಸೀರೆ ಹಾಸು

ಹಳೆ ಸೀರೆಗಳನ್ನು ಹರಿದು ಪಟ್ಟಿ ಮಾಡಿ, ಕ್ರೋಶಾ ಕಡ್ಡಿಯಲ್ಲಿ ದುಂಡನೆಯ ಹಾಸು ಹೆಣೆಯುವುದರಲ್ಲಿ ನನ್ನ ಹೆಂಡತಿ ಗಿರಿಜಾಳದು ಎತ್ತಿದ ಕೈ. ಬಚ್ಚಲಲ್ಲಿ ಜಾರಿ ಬಿದ್ದಾಗ ಮುರಿದದ್ದೂ ಅದೇ ಕೈ!

ಮೊಮ್ಮಗಳು ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದಳು. ಭಾನುವಾರ ಮಗಳು ವೀಣಾ ಅವಳನ್ನು ಹೊಳಲ್ಕೆರೆಗೆ ಕರೆತರುವವಳಿದ್ದಳು. ನಮ್ಮ ಮನೆಯದೋ ತಣ್ಣನೆಯ ಕಲ್ಲು ನೆಲ. ಮಗುವಿಗೆಂದು ಶುರುಮಾಡಿದ್ದ ಹಾಸು ದೋಸೆಯಗಲಕ್ಕೇ ನಿಂತುಹೋಗಿತ್ತು. ಪ್ಲಾಸ್ಟರ್ ಹಾಕಿದ ಕೈ ನೋಡಿಕೊಂಡು ಗಿರಿಜಾ ಕಣ್ಣು ತುಂಬಿಕೊಂಡಳು.

"ಅಳಬೇಡ, ನಾನಿಲ್ವಾ? ತೂತಿಗೆ ಕಡ್ಡಿ ಹಾಕೋದು, ಬಟ್ಟೆ ಎಳ್ಕೊಳೋದು. ಇದ್ರಲ್ಲೇನೈತೆ?" ಎಂದು ಘೋಷಿಸಿದೆ.

"ಸುತ್ತು ಸುತ್ತಿಗೂ ಒಂದಿಷ್ಟು ಕುಣಿಕೆ ಹೆಚ್ಚಿಸ್ಬೇಕು ಕಣ್ರೀ..."

ಅವಳ ಮಾತು ಮುಗಿಯುವಷ್ಟರಲ್ಲಿ ನಾನು ಕಾರ್ಯಾರಂಭ ಮಾಡಿಯಾಗಿತ್ತು!

ಕುಣಿಕೆ ಹೆಚ್ಚಿಸದೆ ಹೆಣೆದದ್ದಕ್ಕೆ ಸಂಜೆಗೆ ಹಾಸಿನ ಅಂಚು ಗೋಡೆಯಂತೆ ಮೇಲೆದ್ದು ನಿಂತಿತು. ಪಕ್ಕದ ಮನೆಯ ಮೆಹರುನ್ನಿಸಾ ಇಣುಕಿ, "ಚೆನ್ನಾಗೈತೆ ಕಣಣ್ಣಾ. ಈರುಳ್ಳಿ ಬುಟ್ಟಿನಾ?" ಎಂದರು.

ಬಿಚ್ಚಿದೆ. ಈ ಸಲ ಧಾರಾಳಿಯಾಗಿ ತೂತಿಗೆ ಎರಡೆರಡು ಕುಣಿಕೆ ಹಾಕಿದೆ. ಹಾಸು ಎಲೆಕೋಸಿನಂತೆ ಅರಳಿತು! ಇದ್ದ ಬಟ್ಟೆಯನ್ನೆಲ್ಲ ಅದೇ ನುಂಗಿತು. ಪೆಟ್ಟಿಗೆಯ ತಳದಲ್ಲಿ ಮಾಸಿದ ಹಸಿರು ಸೀರೆಯೊಂದು ಸಿಕ್ಕಿತು. ಪರ್ರನೆ ಹರಿದೆ. ಆ ಸದ್ದಿಗೆ ಗಿರಿಜಾ ಓಡಿ ಬಂದಳು.

"ಅಯ್ಯೋ! ವೀಣನ್ನ ಜೋಲಿ ಕಟ್ಟಿ ಮಲಗಿಸ್ತಿದ್ದ ಸೀರೆ ಕಣ್ರೀ ಅದು!"

ಅವಳು ಹರಿದ ಪಟ್ಟಿಯನ್ನು ಕೆನ್ನೆಗೊತ್ತಿಕೊಂಡು ಕುಳಿತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ, "ಮಗಳು ಮಲಗಿದ್ದ ಸೀರೆ ಮೇಲೆ ಮೊಮ್ಮಗಳು ಆಡ್ಲಿ ಬಿಡ್ರಿ. ಬರ್ರಿ ಇಲ್ಲಿ, ಕುಂತ್ಕಳ್ರಿ" ಎಂದಳು.

ಎಲೆಕೋಸನ್ನು ಬಿಚ್ಚಿಸಿದಳು. ನೋವಿಲ್ಲದ ಕೈಯಲ್ಲಿ ಪಟ್ಟಿ ಹಿಡಿದು, ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಬಿಡಬೇಕು ಎಂದು ಹೇಳುತ್ತಾ ಹೋದಳು. ನಾನು ನಾಲಿಗೆ ಕಚ್ಚಿಕೊಂಡು ಹೆಣೆದೆ. ಹೆಗಲಿಗೆ ಹೆಗಲು ತಾಗಿಸಿ ಹಾಗೆ ಕೂತು ಎಷ್ಟು ಕಾಲವಾಗಿತ್ತೋ!

ಭಾನುವಾರದ ಹೊತ್ತಿಗೆ ಹಾಸು ನೆಲದ ಮೇಲೆ ಮಲಗಲು ಒಪ್ಪಿತು. ಪೂರ್ತಿ ಅಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೊಟ್ಟ.

ಮೊಮ್ಮಗಳು ಸೀದಾ ಉಬ್ಬಿನ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ವೀಣಾ ಹಾಸನ್ನು ಸವರಿ ಕಣ್ಣೊರೆಸಿಕೊಂಡಳು. ಹೊಗಳಿಕೆ ಸ್ವೀಕರಿಸಲು ನಾನು ಗಂಟಲು ಸರಿಮಾಡಿಕೊಂಡೆ.

"ಅಮ್ಮಾ, ಮುರಿದ ಕೈಯಲ್ಲೇ ಹೆಣೆದ್ಯಾ? ಪಾಪ, ನೋಡಿದ್ರೇ ಗೊತ್ತಾಗುತ್ತೆ!"

ಗಿರಿಜಾ ನಗು ತಡೆದುಕೊಂಡು ನನ್ನತ್ತ ನೋಡಿದಳು. ಗಟ್ಟಿಮುಟ್ಟಾಗಿದ್ದ ನನ್ನ ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡೆ.