ಕೊಡ ಕಾದ ನೈಟ್ ವಾಚ್‌ಮನ್

ಎಲ್ಲ ಶುರುವಾದದ್ದು ಮುರಳೀಧರನ ಒಂದು ಹೊಗಳಿಕೆಯಿಂದ. ಎಂಬತ್ಮೂರರ ಬೇಸಿಗೆ, ಮದರಾಸಿನಲ್ಲಿ ಹೊಗಳಿಕೆ ಸಿಕ್ಕರೂ ನೀರು ಸಿಗುತ್ತಿರಲಿಲ್ಲ. ಅಣ್ಣಾ ನಗರದ ಆ ಫ್ಲಾಟಿನವರು ರಸ್ತೆಬದಿಯಲ್ಲಿ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿಟ್ಟು, ನೀರಿನ ಲಾರಿ ಬರುವ ತನಕ ಯಾರಾದರೊಬ್ಬರನ್ನು ಕಾವಲು ನಿಲ್ಲಿಸುತ್ತಿದ್ದರು.

"ಸಾರ್, ಇವತ್ತು ನೀವೇ ನಮ್ಮ ನೈಟ್ ವಾಚ್‌ಮನ್!" ಎಂದ ಪಕ್ಕದ ಮನೆಯ ಮುರಳೀಧರ. ಬ್ಯಾಂಕಿನ ಕೆಲಸ, ಕ್ರಿಕೆಟ್ ಹುಚ್ಚು.

ಇನ್ಶೂರೆನ್ಸ್ ಆಫೀಸಿನ ವಿಶ್ವನಾಥನಿಗೆ ಕ್ರಿಕೆಟ್ ತಿಳಿಯದು. "ಹಾಗಂದ್ರೇನ್ರೀ?"

"ಸಂಜೆ ಬೆಳಕು ಕಮ್ಮಿಯಾದಾಗ ಒಳ್ಳೇ ಬ್ಯಾಟ್ಸ್‌ಮನ್ನ ಒಳಗೆ ಉಳಿಸ್ಕೊಂಡು, ಕಡೇಲಿ ಆಡೋನನ್ನ ಮೊದಲೇ ಕಳಿಸ್ತಾರೆ. ಅವನು ಕಾವಲುಗಾರನ ಥರ ವಿಕೆಟ್ ಕಾಯ್ಬೇಕು. ರನ್ ಬೇಡ. ಏನೇ ಆದ್ರೂ ಓಡಬಾರದು, ಅಷ್ಟೇ!"

ವಿಶ್ವನಾಥ ಬೇಡವೆನ್ನುವಂತಿರಲಿಲ್ಲ. ಸಂಜೆ ಮಗಳು ಊರ್ಮಿಳಾಳನ್ನು ನೋಡಲು ರಾಯಪುರಂನಿಂದ ಗಂಡಿನ ಕಡೆಯವರು ಬರುವವರಿದ್ದರು. ಎಷ್ಟೋ ಅಲೆದ ಮೇಲೆ ಕೂಡಿಬಂದ ಜಾತಕ. ಮನೆಯಲ್ಲಿ ನೋಡಿದರೆ ಕಾಫಿಗೂ ನೀರಿಲ್ಲ. ತಲೆಗೆ ಟವೆಲು ಸುತ್ತಿ ಬಿಸಿಲಲ್ಲಿ ನಿಂತ.

ತರಕಾರಿ ತರಲು ಹೊರಟಿದ್ದ ಕೆಳಮನೆಯ ಜಾನಕಮ್ಮ ಕೇಳಿ ನಕ್ಕರು. "ನೈಟ್ ವಾಚ್‌ಮನ್ನಾ? ನಮ್ಮ ಯಜಮಾನ್ರು ಕಾಮೆಂಟ್ರಿ ಕೇಳ್ತಾ ಬೇರೇನೇ ಹೇಳೋರಪ್ಪಾ. ಬೇರೆಯೋನು ಉಳೀಲಿ ಅಂತ ಮುಂದೆ ತಳ್ಳೋ ಬಲಿ ಕುರಿ ಅಂತೆ. ಒಳಗೆ ಯಾರನ್ನ ಉಳಿಸ್ಕೊಂಡಿದಾನೋ ನಿಮ್ಮ ಮುರಳೀಧರ! ಅವನ ಮಗಳು ಕಲಾವತಿಗೂ ಮದುವೆ ವಯಸ್ಸಾಯ್ತಲ್ವೇ?"

ಅಷ್ಟು ಸಾಕಾಯಿತು. ವಿಶ್ವನಾಥನ ತಲೆಯೊಳಗೆ ಇರುವೆ ಬಿಟ್ಟಂತಾಯಿತು. ಹೌದಲ್ಲ! ಇವತ್ತು ಶನಿವಾರ, ಬ್ಯಾಂಕು ಅರ್ಧ ದಿನವೇ. ಅವನೇ ಯಾಕೆ ನಿಲ್ಲಬಾರದಿತ್ತು? ಬೆಳಿಗ್ಗೆ ಗಂಡಿನ ಮನೆತನದ ಬಗ್ಗೆ ಅಷ್ಟೊಂದು ವಿಚಾರಿಸಿದ್ದೇಕೆ?

ತಲೆಯೆತ್ತಿ ನೋಡಿದರೆ ಮುರಳೀಧರನ ಬಾಲ್ಕನಿಯಲ್ಲಿ ಗಂಡಿನ ಅಪ್ಪನೇ ನಿಂತಿದ್ದಾರೆ! ಇಷ್ಟು ಬೇಗ ಬಂದುಬಿಟ್ಟರೇ? ಹಿಂದೆ ಕಲಾವತಿ, ಕೈಯಲ್ಲಿ ಕಾಫಿ ತಟ್ಟೆ.

ಕೊಡಗಳನ್ನು ಅಲ್ಲೇ ಬಿಟ್ಟು ಓಡಿದ. ಮೆಟ್ಟಿಲು ಹಾರಿ ಬಾಗಿಲು ತಳ್ಳಿದ. "ಏನಯ್ಯಾ ಮುರಳೀಧರ, ನಿನ್ನ ಮಗಳನ್ನ ಇವರಿಗೆ ತೋರಿಸೋಕೆ ನನ್ನ ಬಿಸಿಲಿಗೆ ನಿಲ್ಲಿಸಿದ್ಯಾ? ಕಳ್ಳ!"

ಒಳಗೆ ಚಾಪೆಯ ಮೇಲೆ ಸೀರೆಯುಟ್ಟ ಊರ್ಮಿಳಾ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲೇ ಹೆಂಡತಿ ಅನಸೂಯ.

"ಏನ್ರೀ ಇದು!" ಅನಸೂಯಳಿಗೆ ಅಳುವೇ ಬಂತು. "ಅವರು ಹಿಂದಿನ ಗೇಟಿಂದ ಬೇಗ ಬಂದ್ರು, ನಮ್ಮನೇಲಿ ಹನಿ ನೀರಿಲ್ಲ. ಇವರ ಹತ್ರ ಒಂದು ಬಿಂದಿಗೆ ಉಳಿದಿತ್ತು, ಕಾಫಿ ಕೊಡಿ ಅಂತ ನಾನೇ ಇಲ್ಲಿಗೆ ಕರ್ಕೊಂಡು ಬಂದೆ."

ಗಂಡಿನ ಅಪ್ಪ ಲೋಟ ಕೆಳಗಿಟ್ಟರು. "ಎಲ್ಲರ ಕೊಡ ಕಾಯ್ತಾ ನಿಂತಿದ್ದೋರನ್ನ ಮೇಲಿಂದ ನೋಡಿ, ಎಂಥ ಸಮಾಧಾನದ ಮನುಷ್ಯ, ಇಂಥ ಮನೆ ಹೆಣ್ಣೇ ಬೇಕು ಅಂತ ಈಗಷ್ಟೇ ಅಂದೆ."

ಕೆಳಗೆ ಲಾರಿಯ ಹಾರನ್ನು ಕೇಳಿಸಿತು. ಎಲ್ಲರೂ ಬೆಪ್ಪಾಗಿ ನಿಂತೇ ಇದ್ದರು. ಎದುರು ಬ್ಲಾಕಿನವರು ಇವರ ಕೊಡಗಳನ್ನು ಪಕ್ಕಕ್ಕೆ ತಳ್ಳಿ ತಮ್ಮವನ್ನು ತುಂಬಿಸಿಕೊಂಡರು. ಊರ್ಮಿಳಾ ಕಿಟಕಿಯಿಂದ ಇಣುಕಿ, "ಅಪ್ಪಾ, ತಣ್ಣಿ ಲಾರಿ ಪೋಯಿಡ್ಚು!" ಎಂದು ತಮಿಳಿನಲ್ಲೇ ಕೂಗಿದಳು; ನೀರಿನ ಲಾರಿ ಹೊರಟುಹೋಗಿತ್ತು.

ಗಂಡಿನ ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು. "ಮನೆಗೆ ಹೋಗಿ ಕಾಗದ ಬರೀತೀವಿ."

ಹೆಣ್ಣು ಹೆತ್ತವರಿಗೆಲ್ಲ ಗೊತ್ತು, ಆ ಕಾಗದ ಯಾವ ಟಪಾಲಿನಲ್ಲೂ ಬರುವುದಿಲ್ಲ.

ಮುರಳೀಧರ ಮೆಲ್ಲಗೆ ವಿಶ್ವನಾಥನ ಹೆಗಲ ಮೇಲೆ ಕೈಯಿಟ್ಟ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

"ಒಂದೇ ಒಂದು ಮಾತು ಹೇಳಿದ್ದೆ ಸಾರ್. ಓಡಬೇಡಿ ಅಂತ."